ಕ್ಯಾಮೆರಾ ಗುಟ್ಟು ಕಾದ ಸಣ್ಣಮಾದ

ನಗೋರು ನಗ್ರಪ್ಪ, ಆದ್ರೆ ಪುಟ್ಟತಾಯಮ್ಮನ ಎದುರಿಗೆ ಮಾತ್ರ ನಗಬೇಡಿ. ಆಯಮ್ಮನಿಗೆ ಒಬ್ಬನೇ ಮಗ, ಸಣ್ಣಮಾದ. ಆಳು ನೋಡಿದ್ರೆ ಬಾಗಿಲೆತ್ತರ, ತಲೆಯೊಳಗೆ ಬರೀ ಗಾಳಿ. ಮೊಟ್ಟೆ ಮಾರಿ ಸಂಸಾರ ತೂಗಿಸೋ ಹೆಂಗಸು ಅವಳು. ಹಿತ್ತಲ ಗೂಡಿಂದ ಕೋಳಿ ಮಾಯ ಆಗೋಕೆ ಶುರುವಾಯ್ತು ನೋಡಿ, ಹೊಟ್ಟೆ ಬಟ್ಟೆ ಕಟ್ಟಿ ಒಂದು ವೈಫೈ ಕ್ಯಾಮೆರಾ ತಂದು ಗೂಡಿನ ಮೇಲೆ ಹಾಕಿಸಿದಳು. ಅದು ಕಂಡಿದ್ದೆಲ್ಲ ಮಗನ ಫೋನಲ್ಲಿ ಕಾಣೋದು.

"ಪಾಸ್‌ವರ್ಡ್ ಹಾಕದಿದ್ರೆ ಕಳ್ಳನೂ ನೋಡ್ತಾನೆ," ಅಂದ ಕ್ಯಾಮೆರಾ ಅಂಗಡಿ ಫಯಾಜ್.

"ಕೇಳಿಸ್ತೇನೋ? ಕ್ಯಾಮೆರಾಗೆ ಪಾಸ್‌ವರ್ಡ್ ಹಾಕು!" ಅಂದಳು ಅವ್ವ.

ಹಾಕಿದ! ಸುಣ್ಣ ಕಲಸಿ ಕ್ಯಾಮೆರಾ ಮೈತುಂಬ 'ಪಾಸ್‌ವರ್ಡ್' ಅಂತ ದಪ್ಪಕ್ಷರದಲ್ಲಿ ಬರೆದ. ಫೋನೆಲ್ಲ ಬೆಳ್ಳಗಾಯ್ತು, ಒಂದು ಕೋಳಿ ಹೋಯ್ತು.

"ಅಯ್ಯೋ ನಿನ್ನ ಮುಖಕ್ಕಿಷ್ಟು! ಅದನ್ನ ಯಾರಿಗೂ ಕಾಣದಂಗೆ ಬಚ್ಚಿಡ್ಬೇಕು ಕಣೋ!"

"ಮೊದಲೇ ಹೇಳೋದಲ್ವೇನವ್ವ?"

ಬಚ್ಚಿಟ್ಟ! ಸುಣ್ಣ ಒರೆಸಿ, ಕ್ಯಾಮೆರಾ ಕಿತ್ತು, ಅಕ್ಕಿ ಮಡಕೆಯೊಳಗೆ ಹೂತಿಟ್ಟ. ಫೋನೆಲ್ಲ ಕಪ್ಪಗಾಯ್ತು, ಹುಂಜವೂ ಹೋಯ್ತು.

"ನಿನ್ನ ಬುದ್ಧಿಗೆ ಬೆಂಕಿ ಹಾಕ! ಕ್ಯಾಮೆರಾ ಅಲ್ವೋ, ಗುಟ್ಟಿನ ಮಾತು!" ಅಂತ ಅವನ ಕಿವಿ ಹಿಡಿದು ಅಂಗಡಿಗೆ ಎಳ್ಕೊಂಡು ಹೋದಳು. ಫಯಾಜನೇ ಪಾಸ್‌ವರ್ಡ್ ಹಾಕಿ, ಇವನ ಕಿವೀಲಿ ಉಸುರಿದ. ಕ್ಯಾಮೆರಾ ಮತ್ತೆ ಗೂಡಿನ ಮೇಲೇರಿತು. "ಯಾರೇ ಬರಲಿ, ಏನೇ ಆಗಲಿ, ಬಾಯಿ ಬಿಡಬೇಡ!" ಅಂದಳು ಅವ್ವ.

ಬಿಡಲಿಲ್ಲ! ಮಾರನೆ ಮಧ್ಯಾಹ್ನ ಕಳ್ಳ ಗೋಡೆ ಹಾರಿದ್ದು ಫೋನಲ್ಲಿ ಕಂಡ, ಕೋಳಿ ಚೀಲಕ್ಕೆ ತುಂಬಿದ್ದೂ ಕಂಡ. ಅಲ್ಲೇ ಅಡುಗೆಮನೇಲಿ ಅವ್ವ ಇದ್ದಾಳೆ, ಇವನು ತುಟಿ ಎರಡೂ ಬೆರಳಲ್ಲಿ ಹಿಡ್ಕೊಂಡು ಕೂತವನೇ!

"ಕೂಗೋದಲ್ವೇನೋ!"

"ಏನೇ ಆಗಲಿ ಬಾಯಿ ಬಿಡಬೇಡ ಅಂದ್ಯಲ್ಲವ್ವ!"

ಪುಟ್ಟತಾಯಮ್ಮ ಹಣೆ ಹಣೆ ಚಚ್ಕೊಂಡಳು. ಮೊಟ್ಟೆ ಇಡೋ ಹೇಟೆ ಇನ್ನೊಂದೇ ಉಳಿದಿರೋದು. "ಅದೂ ಹೋದ್ರೆ ನಮ್ಮ ಒಲೆ ಉರಿಯಲ್ಲ ಕಣೋ," ಅಂತ ಗಳಗಳ ಅತ್ತಳು. ಅಳದೆ ಇನ್ನೇನು ಮಾಡ್ತಾಳೆ, ಹೇಳಿ!

ಫಯಾಜ್ ಮನೆಗೇ ಬಂದ. "ಅಳಬೇಡ ಪುಟ್ಟತಾಯವ್ವ, ಎನ್‌ಕ್ರಿಪ್ಷನ್ ಹಾಕಿಕೊಡ್ತೀನಿ."

"ಹಂಗಂದ್ರೆ?" ಅಂದ ಸಣ್ಣಮಾದ.

"ಚಿಕ್ಕೋರಿದ್ದಾಗ ಅಕ್ಷರಕ್ಕೊಂದು 'ಕ' ಸೇರಿಸಿ ಕ-ಭಾಷೆ ಆಡ್ತಿರಲಿಲ್ವಾ? ಹಂಗೆ. ನಮ್ಮ ಮಾತು ಹೊರಗಿನೋರ ಕಿವಿಗೆ ಬಿದ್ರೂ ಒಂದಕ್ಷರ ಅರ್ಥ ಆಗ್ಬಾರ್ದು."

"ಕೇಳಿಸ್ತೇನೋ? ಇನ್ನೊಂದ್ಸಲ ಕಳ್ಳ ಬಂದ್ರೆ ಗಂಟಲು ಕಿತ್ಕೊಂಡು ಕೂಗು!" ಅಂದಳು ಅವ್ವ.

ಕೂಗಿದ! ಅವ್ವ ಮೊಟ್ಟೆ ಮಾರೋಕೆ ಹೋಗಿದ್ದಳು, ಕಳ್ಳ ಬಂದ. ಸಣ್ಣಮಾದ ಹಿತ್ತಲಿಗೆ ಹಾರಿ, ಗಂಟಲು ಹರಿಯೋ ಹಂಗೆ ಕೂಗಿದ: "ಕಕ-ಕಳ್ಳ! ಕಕ-ಕಳ್ಳ! ಕಕೋ-ಕಳಿ! ಕಕೋ-ಕಳಿ!"

"ಪುಟ್ಟತಾಯಮ್ಮನ ಹೇಟೆ ಮೊಟ್ಟೆ ಇಟ್ಟಿರ್ಬೇಕು," ಅಂದ್ಕೊಂಡು ಪಕ್ಕದ ಮನೆಯೋರು ಮಧ್ಯಾಹ್ನದ ನಿದ್ದೇಲೇ ಮಗ್ಗುಲು ಬದಲಾಯಿಸಿದ್ರು. ಬೀದಿ ತುದೀಲಿ ಪುಟ್ಟತಾಯಮ್ಮನಿಗೂ ಕೇಳಿಸ್ತು. "ಸದ್ಯ! ನನ್ನ ಹೇಟೆ ನೆಮ್ಮದಿಯಾಗಿದೆ," ಅಂತ ನಲ್ಲಿ ಹತ್ರ ನಿಂತು ಕಷ್ಟಸುಖ ಮಾತಾಡ್ಕೊಂಡು, ನಿಧಾನಕ್ಕೆ ಬಂದಳು.

ಬಂದು ನೋಡಿದ್ರೆ ಗೂಡು ಬರಿದು. ಮಗ ಎದೆ ಉಬ್ಬಿಸ್ಕೊಂಡು ನಿಂತವನೇ!

"ಗೆದ್ದೆ ಕಣವ್ವ! ಕಳ್ಳನಿಗೆ ಒಂದಕ್ಷರ ಅರ್ಥ ಆಗ್ಲಿಲ್ಲ! ಪಾಪ, ಹೇಟೇನ ಕಂಕುಳಲ್ಲಿ ಇಟ್ಕೊಂಡೇ ಕೇಳ್ದ, 'ಏನಣ್ಣ ಹಂಗಂದ್ರೆ?' ಅಂತ. ಗೋಗರೆದ. ನಾನು ಹೇಳ್ತೀನಾ? ಬರಿಗೈಲಿ ಹೋದ!"