ಹೋಳಿಗೆ ಡಬ್ಬಿಗೆ ಇಟ್ಟ ಹೆಸರು

ಕೇಳ್ರಪ್ಪ ಕೇಳ್ರಿ, ನಗು ಬಂದ್ರ ತಡೀಬ್ಯಾಡ್ರಿ! ನೀಲವ್ವನಿಗೆ ಒಬ್ಬನೇ ಮಗ, ಮುದಕಪ್ಪ. ಹೇಳಿದ್ದನ್ನು ಹೇಳಿದಂತೆಯೇ ಮಾಡುವ ಶುದ್ಧ ಪೆದ್ದ. ನೀಲವ್ವ ಮಾತ್ರ ಹೋಳಿಗೆ ಮಾಡುವುದರಲ್ಲೂ ಗಟ್ಟಿ, ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವುದರಲ್ಲೂ ಗಟ್ಟಿ. ರಾಚಪ್ಪನ ಮಗಳ ಮದುವೆಯ ಹೋಳಿಗೆ ಅವಳಿಗೇ ಸಿಕ್ಕಿತ್ತು. ಅದು ಕೆಟ್ಟರೆ ಮುಂದೆ ಯಾರೂ ಅವಳ ಮನೆ ಕಡೆ ತಿರುಗಿ ನೋಡುವುದಿಲ್ಲ.

“ಮುದಕಾ, ನಾ ಹೂರಣ ರುಬ್ತೀನಿ. ಆರ್ಡರ್ ತಗೊಳ್ಳೋ ವೆಬ್‌ಸೈಟಿನ ಪ್ರೋಗ್ರಾಮಿಗೆ ಪಾಸ್‌ವರ್ಡ್ ಕೊಡು.”

ಕೊಟ್ಟ! ಪ್ರೋಗ್ರಾಮಿನ ನೆತ್ತಿಯ ಮೇಲೇ ಬರೆದ. “ಹೆಂಗದ ನೋಡ್ರಿ” ಎಂದು ಊರಿಗೆಲ್ಲ ಹಂಚಿಯೂ ಬಿಟ್ಟ. ಯಾರೋ ತುಂಟರು ಆ ಪಾಸ್‌ವರ್ಡ್ ಹಿಡಿದು ಒಳಗೆ ನುಗ್ಗಿ, ಮದುವೆಯ ಹೋಳಿಗೆ ಆರ್ಡರನ್ನು ಹಾಗಲಕಾಯಿ ಪಲ್ಯದ ಆರ್ಡರ್ ಮಾಡಿದರು.

“ಅಯ್ಯೋ ನನ್ನ ಕರ್ಮ! ಗುಟ್ಟನ್ನ ಪ್ರೋಗ್ರಾಮಿನಾಗ ಬರೀತಾರೇನೋ? ವೆಬ್‌ಸೈಟ್ ನಡೆಸೋ ಸರ್ವರಿನಾಗ ಅದಕ್ಕೊಂದು ಹೆಸರಿಟ್ಟು ಮುಚ್ಚಿಡಬೇಕು. ಪ್ರೋಗ್ರಾಮು ಆ ಹೆಸರು ಹಿಡಿದು ಕೇಳಬೇಕು, ಆಗ ಸರ್ವರು ಕೊಡಬೇಕು!”

“ಹೂಂ ಯವ್ವಾ!”

ಹೆಸರಿಟ್ಟ, ಮುಚ್ಚಿಟ್ಟ. ಆದರೆ ಒಬ್ಬ ಗಿರಾಕಿಯೂ ಬರುವ ಮುಂಚೆ, ಪ್ರೋಗ್ರಾಮು ಶುರುವಾದ ಕೂಡಲೇ ಅದರ ಕೈಲಿ ಒಂದೇ ಸಲ ಗುಟ್ಟು ಕೇಳಿಸಿ ಬಿಟ್ಟ. ಸರ್ವರು ಏನೂ ಕೊಡಲಿಲ್ಲ. ವೆಬ್‌ಸೈಟ್ ಮಕಾಡೆ ಮಲಗಿತು.

“ಅಯ್ಯೋ ನನ್ನ ಕರ್ಮ! ನಮ್ಮ ಸರ್ವರು ಮೊದಲಽ ಕೊಡೂದಿಲ್ಲೋ! ಒಬ್ಬೊಬ್ಬ ಗಿರಾಕಿ ಬಂದಾಗಷ್ಟ ಪ್ರೋಗ್ರಾಮಿಗೆ ಗುಟ್ಟು ಕೊಡ್ತದ. ಪ್ರತಿ ಸಲ ಹೊಸದಾಗಿ ಕೇಳಬೇಕು, ತಿಳೀತೇನು?”

“ತಿಳೀತು ಯವ್ವಾ! ಹೆಸರಿಡಬೇಕು, ಮುಚ್ಚಿಡಬೇಕು, ಪ್ರತಿ ಸಲ ಕೇಳಬೇಕು!”

ಕೊನೆಗೆ ಅವಳೇ ಕೂತು ಎಲ್ಲ ಸರಿಮಾಡಿದಳು. ಮದುವೆಯ ದಿನ ಹೋಳಿಗೆ ಡಬ್ಬಿ ಹೊರಿಸಿ ಮಗನನ್ನು ಮುಂದೆ ಕಳಿಸಿ, ತಾನು ತುಪ್ಪ ಹಿಡಿದು ಹಿಂದೆ ಬಂದಳು.

ಬಂದು ನೋಡಿದರೆ, ಜನ ಎಲೆ ಮುಂದೆ ಕೂತಿದ್ದಾರೆ, ಮುದಕಪ್ಪ ಡಬ್ಬಿಯ ಮುಚ್ಚಳದ ಮೇಲೆ ಕೂತಿದ್ದಾನೆ!

“ಹೋಳಿಗೆ ಹಾಕೋ ತಮ್ಮಾ!” ಎಂದ ರಾಚಪ್ಪ.

“ಇದಕ್ಕ ನಾ ಬ್ಯಾರೆ ಹೆಸರಿಟ್ಟೀನ್ರಿ. ಆ ಹೆಸರು ಹಿಡಿದು ಕೇಳ್ರಿ!”

ಹೂರಣ ಅಂದರು, ಸಕ್ಕರೆ ಅಂದರು, ಬಂಗಾರ ಅಂದರು. ಅವನು ಏಳಲಿಲ್ಲ. ಬೀಗರ ಮುಖ ಕೆಂಪಾಯಿತು. ನೀಲವ್ವ ಹಣೆ ಚಚ್ಚಿಕೊಂಡಳು. “ಅಯ್ಯೋ ನನ್ನ ಕರ್ಮ!”

ಮುದಕಪ್ಪ ಟಣ್ಣನೆ ಜಿಗಿದು ಮುಚ್ಚಳ ತೆಗೆದ. “ಬರೋಬ್ಬರಿ ಹೇಳಿದಿ ಯವ್ವಾ! ದಿನಾ ಕೇಳ್ತೀನಲ್ಲ, ಮರೆಯೂದಿಲ್ಲಂತ ಅದನ್ನಽ ಹೆಸರಿಟ್ಟೆ!” ಒಂದೇ ಒಂದು ಹೋಳಿಗೆ ಅವಳ ಕೈಗಿಟ್ಟು ಮತ್ತೆ ಮುಚ್ಚಿ ಕೂತ. “ಉಳಿದವರೂ ಕೇಳ್ರಿ, ಪ್ರತಿ ಸಲ ಹೊಸದಾಗಿ!”

ಘಮ ಮೂಗಿಗೆ ಬಡಿದ ಮೇಲೆ ತಡೆಯಲಾದೀತೇ? ರಾಚಪ್ಪ ಕೂಗಿದ, ತಿಂದ, ಮತ್ತೆ ಕೂಗಿದ. “ಸಣ್ಣ ಮಗಳ ಮದುವಿಗೂ ನಿಂದಽ ಹೋಳಿಗಿ ನೀಲವ್ವಾ!” ಎಂದ. ಬೀಗರು ಕೂಗಿದರು. ಆಗಷ್ಟೇ ತಾಳಿ ಕಟ್ಟಿದ ಮದುಮಗ, ಕಟ್ಟಿಸಿಕೊಂಡ ಮದುಮಗಳು ಇಬ್ಬರೂ ಓಡಿ ಬಂದು, ಒಬ್ಬರ ಮುಖ ಒಬ್ಬರು ನೋಡಿ, ಕೈಯೊಡ್ಡಿ ಒಂದೇ ದನಿಯಲ್ಲಿ ಕೂಗಿದರು:

“ಅಯ್ಯೋ ನನ್ನ ಕರ್ಮ!”