ಮಳೆರಾಯನಿಗೆ ಜಾಗ ಬಿಡದ ಅರಗವ್ವ

ಲೋಕ ಇನ್ನೂ ಹೊಸದಾಗಿದ್ದ ಕಾಲ. ಬೆಟ್ಟಗಳು ಎಲ್ಲಿ ಕೂರೋಣ ಅಂತ ಜಾಗ ಹುಡುಕುತ್ತಿದ್ದವು. ಹೊಳೆಗಳಿಗೆ ಹರಿಯೋದು ಗೊತ್ತಿತ್ತು, ಎಲ್ಲಿಗೆ ಅನ್ನೋದು ಗೊತ್ತಿರಲಿಲ್ಲ. ಸಿಕ್ಕಸಿಕ್ಕವರನ್ನು ಕೇಳಿಕೊಂಡು ಹೋಗುತ್ತಿದ್ದವು.

ಆಗ ಎಲ್ಲರಿಗಿಂತ ಜೋರು ಮಳೆರಾಯನದ್ದು. ಅವನು ಬರುವಾಗ ಎದುರಿಗೆ ಯಾರೂ ಇರಬಾರದು ಅಂತ ಅವನೇ ಒಂದು ಕಟ್ಟಳೆ ಮಾಡಿಕೊಂಡಿದ್ದ. ಗಾಳಿ ಮುಂದೆ ಮುಂದೆ ಓಡಿಬಂದು ಕೂಗುತ್ತಿತ್ತು.

"ಜಾಗ ಬಿಡಿ! ಮಳೆರಾಯ ಬತ್ತಾವ್ನೆ, ಜಾಗ ಬಿಡಿ!"

ಇರುವೆ ಗೂಡಿಗೆ ಓಡುತ್ತಿತ್ತು. ಮೊಲ ಪೊದೆಗೆ ನುಗ್ಗುತ್ತಿತ್ತು. ಅಷ್ಟು ದೊಡ್ಡ ಆನೆ ಕೂಡ ಕಿವಿ ಮುಚ್ಚಿಕೊಂಡು ಬಂಡೆಯ ಮರೆಗೆ ಸರಿಯುತ್ತಿತ್ತು. ನನ್ನ ಕೇಳಿದರೆ ಅದು ಕಟ್ಟಳೆಯಲ್ಲ, ದೌರ್ಜನ್ಯ. ಆದರೂ ಯಾಕೆ ಅಂತ ಒಬ್ಬರೂ ಕೇಳಲಿಲ್ಲ. ಕೇಳಿದವಳು ಒಬ್ಬಳೇ, ಅರಗವ್ವ.

ಅರಗವ್ವ ಅಂದರೆ ಒಂದು ಹುಳು. ಸಾಸಿವೆ ಕಾಳಿಗಿಂತ ತುಸು ದಪ್ಪ ಇದ್ದಳೋ ಇಲ್ಲವೋ. ಮುತ್ತುಗದ ಮರದ ಎಳೆಯ ಕೊಂಬೆಯ ಮೇಲೆ ಕೂತು, ತೊಗಟೆಗೆ ಬಾಯಿ ಊರಿ, ಮರದ ಹಾಲು ಕುಡಿಯುತ್ತಿದ್ದಳು. ಅವಳ ಹೊಟ್ಟೆಯ ತುಂಬ ಮೊಟ್ಟೆ. ಏಳಬೇಕಾದ ಕೆಲಸವೇ ಇಲ್ಲ ಅಂದಮೇಲೆ ಕಾಲು ಯಾಕೆ ಅಂತ ಇದ್ದ ಆರು ಕಾಲನ್ನೂ ಉದುರಿಸಿಬಿಟ್ಟಿದ್ದಳು. ಅಂಥ ಹಟಮಾರಿ.

ಗಾಳಿ ಬಂದು ಅವಳ ತಲೆಯ ಮೇಲೆ ಕೂಗಿತು. "ಏಯ್, ಕಿವಿ ಕೇಳಾಕಿಲ್ವಾ? ಜಾಗ ಬಿಡು!"

"ಯಾಕೆ ಬಿಡಬೇಕು?" ಅಂದಳು ಅರಗವ್ವ.

ಗಾಳಿ ಹಿಂದಕ್ಕೆ ತಿರುಗಿ ಮಳೆರಾಯನ ಕಡೆ ನೋಡಿತು. ಅದಕ್ಕೆ ಉತ್ತರ ಯಾರೂ ಹೇಳಿಕೊಟ್ಟಿರಲಿಲ್ಲ.

ಅಷ್ಟರಲ್ಲಿ ಮಳೆರಾಯನೇ ಬಂದ. ಮುಖ ಕಪ್ಪಗೆ ಮಾಡಿಕೊಂಡಿದ್ದ. "ಆನೆನೇ ಜಾಗ ಬಿಟ್ಟೈತೆ. ನೀನು ಯಾವಳೇ?"

"ನಾನು ತಾಯಿ. ನನ್ನ ಮಕ್ಕಳು ಇಲ್ಲೇ ಹುಟ್ಟಬೇಕು. ನಾನು ಕದಲೋದಿಲ್ಲ."

"ಕೊಚ್ಚಿ ಹಾಕ್ತೀನಿ!"

"ಹಾಕು ನೋಡೋಣ."

ಹೀಗಂದಳೇ ಹೊರತು ಅವಳಿಗೂ ಭಯವಾಗಿತ್ತು. ಯಾಕಾಗೋದಿಲ್ಲ? ಒಂದು ಹನಿ ಅವಳಿಗಿಂತ ದೊಡ್ಡದು. ಹೊಟ್ಟೆಯೊಳಗಿನ ಮಕ್ಕಳು ಇನ್ನೂ ಕಣ್ಣೇ ಬಿಟ್ಟಿರಲಿಲ್ಲ. ಅರಗವ್ವ ಮರದ ಹಾಲನ್ನು ಒಂದೇ ಸಮನೆ ಕುಡಿದಳು. ಕುಡಿದದ್ದನ್ನು ತನ್ನ ಮೈಯಿಂದಲೇ ಅಂಟಾಗಿ ಒಸರಿದಳು. ಆ ಅಂಟನ್ನು ತಲೆಯ ಮೇಲಿಂದ ಹೊದ್ದುಕೊಂಡು ಕೂತಳು. ಅದು ಒಣಗಿ ಚಿಪ್ಪಿನ ಹಾಗೆ ಗಟ್ಟಿಯಾಯಿತು. ಅದೇ ಅರಗು, ಅದೇ ಅವಳ ಮನೆ.

ಮಳೆರಾಯ ಸುರಿದ. ಸುರಿದೇ ಸುರಿದ. ಕೆರೆ ತುಂಬಿತು, ಕೋಡಿ ಬಿತ್ತು, ಮರದ ಎಲೆಯೆಲ್ಲ ಹರಿದು ಚಿಂದಿಯಾಯಿತು. ಅರಗವ್ವನ ಮನೆ ಒಂದಿಷ್ಟೂ ಕರಗಲಿಲ್ಲ. ಒಳಗಿಂದ ಮಾತು ಕೇಳಿತು. "ನಾನು ಕದಲೋದಿಲ್ಲ."

ಅದನ್ನು ನೋಡಿ ಅವಳ ಅಕ್ಕತಂಗಿಯರಿಗೂ ಧೈರ್ಯ ಬಂತು. ಅವರೂ ಅದೇ ಕೊಂಬೆಯ ಮೇಲೆ ಸಾಲಾಗಿ ಕೂತು, ಒಬ್ಬೊಬ್ಬರೂ ಒಂದೊಂದು ಮನೆ ಕಟ್ಟಿಕೊಂಡು, "ನಾವೂ ಕದಲೋದಿಲ್ಲ" ಅಂದರು.

ಮಳೆರಾಯನಿಗೆ ಮಾನ ಹೋದ ಹಾಗಾಯಿತು. ನೆಟ್ಟಗೆ ಸೂರ್ಯನ ಹತ್ತಿರ ಹೋಗಿ ದೂರು ಹೇಳಿದ. ಸೂರ್ಯ ನಕ್ಕ. "ನಿನ್ ಕೈಲಿ ಆಗ್ದಿದ್ದು ನನ್ ಕೈಲಾಯ್ತದೆ, ಬಾ" ಅಂದ. ನಡುಮಧ್ಯಾಹ್ನ ಬಂದು ಕೊಂಬೆಯ ಮೇಲೆಯೇ ಕಣ್ಣಿಟ್ಟ.

ಅಯ್ಯೋ, ಮನೆ ಮೆತ್ತಗಾಯಿತು! ಗೋಡೆ ಜಾರತೊಡಗಿತು. ಆದರೂ ಅರಗವ್ವ ಬಿಡಲಿಲ್ಲ. "ಜಾರುವುದಾದರೆ ಅಕ್ಕನ ಕಡೆಗೆ ಜಾರು, ತಂಗಿಯ ಕಡೆಗೆ ಜಾರು" ಅಂತ ಗೋಡೆಯನ್ನೇ ಗದರಿಸಿದಳು. ಮೆತ್ತಗಾದ ಅಂಟು ಹರಿದು ಮನೆಮನೆಯ ನಡುವಿನ ಸಂದುಗಳನ್ನೆಲ್ಲ ಮುಚ್ಚಿತು. ಸಂಜೆ ತಂಪಾಯಿತು. ಎಲ್ಲ ಮನೆಗಳೂ ಕೂಡಿ ಕೊಂಬೆಯ ಸುತ್ತ ಒಂದೇ ಕೋಟೆಯಾಗಿ ಗಟ್ಟಿಯಾದವು.

ಕೆಡಿಸಲು ಬಂದ ಸೂರ್ಯ ಕಟ್ಟಿಕೊಟ್ಟು ಹೋಗಿದ್ದ. ನನಗಂತೂ ಇದನ್ನು ಹೇಳುವಾಗಲೆಲ್ಲ ಹೊಟ್ಟೆ ತಣ್ಣಗಾಗುತ್ತದೆ.

ಆದರೆ ಮಳೆಗೂ ಬಿಸಿಲಿಗೂ ಇಲ್ಲದ ಒಂದು ಆಯುಧ ಮನುಷ್ಯರ ಹತ್ತಿರ ಇತ್ತು. ಹೊಂಬಾಳಮ್ಮ ಅಂತ ಒಬ್ಬಳು ಕುಡುಗೋಲು ಹಿಡಿದು ಬಂದಳು. ಅವಳು ಮರ ಕಡೆದು ಗಿಲಕಿ ಮಾಡುವವಳು. ತನ್ನ ಕೂಸಿಗೆ ಮಾಡಿದ ಗಿಲಕಿ ನೀರು ಕುಡಿದು ಉಬ್ಬಿ, ಸೀಳಿ, ಸಿಬಿರೊಂದು ಕೂಸಿನ ವಸಡಿಗೆ ಚುಚ್ಚಿತ್ತು. ನೀರು ಹೊಗದ ಹೊದಿಕೆ ಈ ಮರದಲ್ಲಿದೆ ಅಂತ ಕೇಳಿ ಓಡಿಬಂದಿದ್ದಳು.

ಕುಡುಗೋಲು ಕೊಂಬೆಗೆ ತಾಗಿತು. ಒಳಗಿಂದ ಅರಗವ್ವ ಅಂದಳು, "ಕೈ ತೆಗಿ. ನಾನು ಕದಲೋದಿಲ್ಲ."

"ಕಡ್ಲೆಕಾಳಷ್ಟಿಲ್ಲ, ಏನೇ ನಿನ್ ಸೊಕ್ಕು! ನನ್ ಕೂಸು ಅಳ್ತಾ ಕೂತೈತೆ."

"ನನ್ನವು ಇನ್ನೂ ಹುಟ್ಟೇ ಇಲ್ಲ. ಅವು ಹುಟ್ಟಿ ಹೊರಡಲಿ. ಅವಕ್ಕೆ ಬೇರೆ ಮರ ನೀನೇ ತೋರಿಸಬೇಕು. ಆಮೇಲೆ ಮನೆ ತಗೋ. ಅದಕ್ಕೆ ಮುಂಚೆ ಕೊಯ್ದರೆ ತಾಯಿ ಅಂತ ಹೇಳಿಕೊಳ್ಳಬೇಡ."

ಹೊಂಬಾಳಮ್ಮನ ಕೈ ಇಳಿಯಿತು. ಅವಳು ದಿನಾ ಬಂದು ನೋಡಿದಳು, ಕಾದಳು. ಮಕ್ಕಳು ಹೊರಡುವ ಹೊತ್ತಿಗೆ ಆ ಕೊಂಬೆಯನ್ನು ಮೆಲ್ಲಗೆ ಕತ್ತರಿಸಿ, ಬೇರೊಂದು ಮುತ್ತುಗದ ಚಿಗುರು ಕೊಂಬೆಗೆ ನಾರಿನಿಂದ ಕಟ್ಟಿದಳು. ಮರಿಗಳು ಸಾಲುಗಟ್ಟಿ ಹೊರಬಂದವು. ಕುಂಕುಮದ ಬಣ್ಣ, ಪುಟ್ಟ ಪುಟ್ಟ ಕಾಲು. ಒಂದೊಂದೇ ಹೊಸ ಕೊಂಬೆಗೆ ದಾಟಿದವು.

ಕೊನೆಯ ಮರಿ ದಾಟಿದ ಮೇಲೆ ಅರಗವ್ವ ಸತ್ತಳು. ಕೂತ ಜಾಗದಲ್ಲೇ. ಆಗಲೂ ಕದಲಲಿಲ್ಲ.

ಹೊಂಬಾಳಮ್ಮ ಕಣ್ಣೊರೆಸಿಕೊಂಡು ಖಾಲಿ ಮನೆಯನ್ನು ಕೆರೆದು ತಂದಳು. ಮೆತ್ತಗಾಗಲಿ ಅಂತ ನೀರಲ್ಲಿ ನೆನೆಹಾಕಿದಳು. ನೀರು ಕೆಂಪಾಯಿತು, ಅರಗು ಹಾಗೇ ಇತ್ತು. ಸಿಟ್ಟು ಬಂದು ಉರಿಯುವ ಬೆಂಕಿಗೆ ಹಿಡಿದಳು. ಅದು ಬುಸುಗುಟ್ಟಿ, ಕರಕಲಾಗಿ, ಮನೆಯೆಲ್ಲ ಹೊಗೆ ಮಾಡಿತು.

"ಬೆದರಿಸಿದ್ರೆ ಬಗ್ಗೋ ಪೈಕಿ ಅಲ್ಲ ಬುಡು ಇದು" ಅಂದ ಅವಳ ಗಂಡ ಮಾಯಿಗ.

ಉಳಿದ ಅರಗನ್ನು ಅವಳು ಕೆಂಡದ ದೂರದ ಕಾವಿಗೆ ಹಿಡಿದು ಕಡ್ಡಿಯ ಹಾಗೆ ಹೊಸೆದಳು. ಮಾಯಿಗ ಹೊಸ ಗಿಲಕಿಯನ್ನು ಮರ ಕಡೆಯುವ ತಿರುಗಣೆಗೆ ಸಿಕ್ಕಿಸಿ, ಹಗ್ಗ ಎಳೆದು ತಿರುಗಿಸಿದ. ಗರಗರ ತಿರುಗುವ ಗಿಲಕಿಗೆ ಹೊಂಬಾಳಮ್ಮ ಆ ಕಡ್ಡಿಯನ್ನು ಒತ್ತಿ ಹಿಡಿದಳು. ಉಜ್ಜಿ ಉಜ್ಜಿ ಹುಟ್ಟಿದ ಬಿಸಿಗೆ ಅರಗು ಮೆತ್ತಗಾಗಿ ಮರದ ಮೈಗೆಲ್ಲ ಹರಡಿತು. ಕೇದಿಗೆ ಗರಿಯಿಂದ ತಿಕ್ಕಿದಳು. ಮುಖ ಕಾಣುವಷ್ಟು ಹೊಳೆಯಿತು.

ಕೂಸು ಅದನ್ನು ಬಾಯಿಗಿಟ್ಟು ಚೀಪಿತು, ಆಡಿತು, ಅಂಗಳದಲ್ಲೇ ಬಿಟ್ಟು ಹೋಯಿತು. ಮಳೆರಾಯ ಬಂದ. ಗಿಲಕಿಯ ಮೇಲೆ ಬಿದ್ದ, ಮತ್ತೆ ಬಿದ್ದ. "ಸತ್ತ ಮೇಲೂ ಜಾಗ ಬಿಡಾಕಿಲ್ವೇನೇ?" ಅಂದ. ಒಳಗೆ ಯಾರೂ ಇರಲಿಲ್ಲ. ಆದರೂ ಅವನಿಗೆ ಒಳಗೆ ಹೋಗಲು ಆಗಲಿಲ್ಲ.

ಅದಕ್ಕೇ ಮಗಾ, ಅರಗು ಬಿಡಿಸುವವರು ಇವತ್ತಿಗೂ ಮರಿಗಳಿರುವ ಕಡ್ಡಿಯನ್ನು ಬೇರೆ ಮರಕ್ಕೆ ಕಟ್ಟುತ್ತಾರೆ. ಅದಕ್ಕೇ ಅರಗು ಹಚ್ಚಿದ ಗೊಂಬೆಯ ಮೇಲೆ ನೀನು ಎಷ್ಟೇ ನೀರು ಸುರಿದರೂ, ಜಾಗ ಬಿಟ್ಟು ಹೋಗುವುದು ನೀರೇ.