ಕಲ್ಯಾಣಿ ಕಾದ ದ್ಯಾವಣ್ಣ

ಸೋಗಿಕೊಪ್ಪಲಿನ ಸಣ್ಣತಾಯಮ್ಮನಿಗೆ ಒಬ್ಬನೇ ಮಗ, ದ್ಯಾವಣ್ಣ. ಆಳು ಆನೆಯಂಥೋನು, ತಲೆ ಮಾತ್ರ ಖಾಲಿ ಗಡಿಗೆ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. "ನಿನ್ನ ಕಟ್ಕೊಂಡು ಹೆಂಗೋ ಬಾಳೋದು!" ಅಂತ ತಾಯಿ ಹಣೆ ಹಣೆ ಚಚ್ಚಿಕೊಳ್ಳೋಳು.

ಆ ವರ್ಷ ಊರಿಗೆ ವಾಂತಿಭೇದಿ ಬಂತು. ದಿನಾ ಒಂದಲ್ಲ ಒಂದು ಮನೇಲಿ ಅಳು. ಸರ್ಕಾರದ ನರ್ಸು ಎಸ್ತರಮ್ಮ ಬಂದರು. ಸಣ್ಣ ಮೈ, ದೊಡ್ಡ ಗಂಟಲು. ಊಟ ನಿದ್ದೆ ಮರೆತು ಮನೆ ಮನೆ ತಿರುಗೋರು.

"ನೀರು ಕುದಿಸದೆ ಕುಡೀಬೇಡಿ!" ಅಂದರು.

ದ್ಯಾವಣ್ಣ ಏನು ಮಾಡಿದ? ಕೊಳ್ಳಿ ಹೊತ್ತಿಸಿ ಹೊತ್ತಿಸಿ ಹಿತ್ತಲ ಬಾವಿಯೊಳಕ್ಕೇ ಎಸೆದ. ಚೊಯ್, ಚೊಯ್!

"ಅಯ್ಯೋ ಪೆದ್ದೇ! ಏನೇ ಆಗಲಿ, ಒಲೆ ಮೇಲಿಟ್ಟು ಕುದಿಸಬೇಕು ಕಣೋ!" ಅಂದಳು ತಾಯಿ.

"ಹೂಂ ಕಣವ್ವಾ!"

ಮಾರನೇ ದಿನ ಎಸ್ತರಮ್ಮ ಸೋಪು ಕೊಟ್ಟರು. ಒಲೆ ಮೇಲಿಟ್ಟು ಕುದಿಸೇ ಕುದಿಸಿದ. ನೊರೆ ಉಕ್ಕಿ ಹೊಸ್ತಿಲು ದಾಟಿ ಬೀದಿಗೆ ಬಂತು!

"ಲೋ, ಸೋಪು ಕುದಿಸೋಕಲ್ಲ!" ಎಸ್ತರಮ್ಮ ಗದರಿದರು. "ಕೊಳೆ ಕಂಡ ಕಡೆ ಹಚ್ಚಿ, ಹೋಗೋವರೆಗೂ ಉಜ್ಜಬೇಕು!"

"ಹೂಂ ಕಣಮ್ಮಾ!"

ಅಷ್ಟರಲ್ಲಿ ಕಂದಾಯದ ಸಾಹೇಬರು, ಶೇಕದಾರರು, ಕುದುರೆ ಇಳಿದರು. ಮೀಸೆಗೆ ಕರಿ ಬಣ್ಣ. ದ್ಯಾವಣ್ಣ ಕೊಳೆ ಅಂದ್ಕೊಂಡು ಹಿಡಿದ, ಹಚ್ಚಿದ, ಉಜ್ಜಿದ. ಮೀಸೆ ಬೆಳ್ಳಗಾಗೋವರೆಗೂ ಬಿಡಲಿಲ್ಲ!

"ದೊಡ್ಡೋರ ಮೀಸೆಗೆ ಕೈ ಹಾಕ್ತಾರೇನೋ!" ತಾಯಿ ಗೋಳಾಡಿದಳು. "ನಿಲ್ಲು ಅಂದ ಕಡೆ ಸುಮ್ನೆ ನಿಂತ್ಕೊಳ್ಳೋ!"

ಎಲ್ಲರೂ ನಕ್ಕರು. ಎಸ್ತರಮ್ಮ ನಗಲಿಲ್ಲ. ರೋಗವೆಲ್ಲ ಇದ್ದದ್ದು ಊರು ಕುಡಿಯೋ ಕಲ್ಯಾಣಿಯ ನೀರಲ್ಲಿ. ಬೇಡ ಅಂದರೂ ಜನ ಕದ್ದು ತುಂಬಿಕೊಳ್ಳೋರು.

"ದ್ಯಾವಣ್ಣಾ, ಮೆಟ್ಟಿಲ ಮೇಲೆ ನಿಲ್ಲು. ಯಾರೇ ಬರಲಿ, ನೀರು ಮುಟ್ಟಗೊಡಬೇಡ. ಎತ್ತಿ ಆಚೆ ಇಡು!"

ನಿಂತ. ಬಿಸಿಲಲ್ಲಿ ನಿಂತ, ಚಳಿಯಲ್ಲಿ ನಿಂತ. ಪಟೇಲರೇ ಬಿಂದಿಗೆ ಹಿಡಿದು ಬಂದರು.

"ನಾನ್ಯಾರು ಗೊತ್ತೇನೋ?"

"ಗೊತ್ತು, ಪಟೇಲ್ರು. ಯಾರೇ ಬರಲಿ ಅಂದವ್ರೆ!" ಬಿಂದಿಗೆ ಸಮೇತ ಎತ್ತಿ ಆಚೆ ಇಟ್ಟ.

ಒಂದೊಂದೇ ಮನೇಲಿ ಅಳು ನಿಂತಿತು. ಕಾಯಿಲೆ ಬಿದ್ದೋರು ಎದ್ದು ಕೂತರು. ಪೆದ್ದ ಅಂದೋರೇ ಮುದ್ದೆ ತಂದು ಉಣ್ಣಿಸಿದರು. ಸಣ್ಣತಾಯಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡು, "ನನ್ನ ಮಗ ಕಣ್ರೇ!" ಅಂದಳು.

ಎಸ್ತರಮ್ಮ ದಂಡೆ ಮೇಲಿಂದಲೇ ಕಲ್ಯಾಣಿ ನೀರಿಗೆ ಮದ್ದು ಹಾಕಿಸಿದ್ದರು. "ನೀರು ಶುದ್ಧವಾಯ್ತು!" ಅಂತ ಊರಿಗೆ ಸಾರಿ, ತಾವೇ ಮೊದಲು ಬೊಗಸೆ ತುಂಬಲು ಬಗ್ಗಿದರು. ದ್ಯಾವಣ್ಣ ಅವರನ್ನ ಸರಕ್ಕನೆ ಎತ್ತಿಕೊಂಡ!

"ಲೋ, ನಾನು ಕಣೋ!"

"ಯಾರೇ ಬರಲಿ ಅಂದಿದ್ರಿ!"

"ಸಾಕು, ಬಿಡೋ!"

ಅವರ ಮಾತನ್ನ ಅವನು ಮೀರಿದ್ದುಂಟೇ? ನೀರಿನ ಮೇಲೇ ಎರಡೂ ಕೈ ಬಿಟ್ಟ.

ದುಡುಮ್ಮ್!

"ಬಿಟ್ಟೆ ಕಣಮ್ಮಾ!"